ನೋಟದ ಎಂಜಲು

ಬಹಳ ಬಹಳ ಹಿಂದೆ, ನಕ್ಷೆಗಳನ್ನು ನವಿಲುಗರಿಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ, ನಡುವಲ ಎಂಬ ಒಂದು ರಾಜ್ಯವಿತ್ತು. ಇತ್ತು ಎಂದು ನಾನು ಹೇಳುತ್ತಿದ್ದೇನೆ. ಆ ಕಾಲದವರನ್ನು ಕೇಳಿದ್ದರೆ ಹತ್ತರಲ್ಲಿ ಒಂಬತ್ತು ಮಂದಿ ಹುಬ್ಬೇರಿಸುತ್ತಿದ್ದರು. ಅದರ ಮೂಡಣಕ್ಕೊಂದು ದೊಡ್ಡ ರಾಜ್ಯ, ಪಡುವಣಕ್ಕೊಂದು ದೊಡ್ಡ ರಾಜ್ಯ. ಮೂಡಣದಿಂದ ಪಡುವಣಕ್ಕೆ ಹೋಗುವ ಪ್ರವಾಸಿಗರು ನಡುವಲದಲ್ಲಿ ಎತ್ತುಗಳಿಗೆ ನೀರು ಕುಡಿಸಿ, ಗಾಡಿಯ ಪರದೆ ಕೂಡ ಸರಿಸದೆ ಮುಂದಕ್ಕೆ ಹೋಗುತ್ತಿದ್ದರು. ನಕ್ಷೆ ಬರೆಯುವವರಿಗೆ ದಿಕ್ಕು ತೋರಿಸುವ ಚಿತ್ರ ಬಿಡಿಸಲು ಎಲ್ಲಾದರೂ ಒಂದಿಷ್ಟು ಜಾಗ ಬೇಕಲ್ಲ, ಅದನ್ನು ಸರಿಯಾಗಿ ನಡುವಲದ ಮೇಲೆಯೇ ಬಿಡಿಸುತ್ತಿದ್ದರು.

ಹಾಗೆಂದು ನಡುವಲದಲ್ಲಿ ನೋಡುವಂಥದ್ದೇನೂ ಇರಲಿಲ್ಲವೆಂದಲ್ಲ. ಮೂರು ಅದ್ಭುತಗಳಿದ್ದವು. ಒಂದು, ಏರುಧಾರೆ. ಅದು ಕಣಿವೆಯಿಂದ ಬೆಟ್ಟದ ತುದಿಗೆ ಮೇಲ್ಮುಖವಾಗಿ ಧುಮುಕುವ ಜಲಪಾತ. ಎರಡು, ಮಾರ್ನುಡಿ ಗುಡ್ಡ. ಅದನ್ನು ಏನು ಕೇಳಿದರೂ ನಿಜ ಹೇಳುತ್ತಿತ್ತು, ಕೇಳಿದವರ ಕಿವಿಗೆ ಮಾತ್ರ. ಮೂರು, ಮುಖಗೊಳ. ಆ ಕೊಳದಲ್ಲಿ ಬಗ್ಗಿ ನೋಡಿದರೆ ನಮ್ಮನ್ನು ಬಿಟ್ಟುಹೋದವರಲ್ಲಿ ನಾವು ಯಾರನ್ನು ಹೆಚ್ಚು ನೆನೆಯುತ್ತೇವೋ ಅವರ ಮುಖ ಕಾಣುತ್ತಿತ್ತು.

ಇವನ್ನು ನಡುವಲದ ಜನ ಒಬ್ಬರೂ ಕಣ್ಣಾರೆ ಕಂಡಿರಲಿಲ್ಲ. ಅದು ಅವರ ಕಟ್ಟಳೆ. ಉಂಡ ಎಲೆಯಲ್ಲಿ ಅತಿಥಿಗೆ ಬಡಿಸುತ್ತಾರೆಯೇ? ಇಲ್ಲ. ಹಾಗೆಯೇ ಮನೆಯವರು ನೋಡಿದ ಅದ್ಭುತವನ್ನು ಅತಿಥಿಗೆ ತೋರಿಸಬಾರದು, ಅದು ನೋಟದ ಎಂಜಲು, ಎಂದು ಅವರ ನಂಬಿಕೆ. ಅತಿಥಿಯನ್ನು ಕರೆದೊಯ್ದು ನಿಲ್ಲಿಸಬೇಕು, ವರ್ಣನೆಯನ್ನು ಬಾಯಿಪಾಠ ಒಪ್ಪಿಸಬೇಕು, ಬೆನ್ನು ತಿರುಗಿಸಿ ನಿಲ್ಲಬೇಕು. ಅತಿಥಿ ಇಲ್ಲದಿದ್ದರೆ ಆ ಕಡೆಗೆ ಸುಳಿಯಲೂಬಾರದು.

ಈ ಕೆಲಸ ಮಾಡುತ್ತಿದ್ದವಳು ಮಾಕವ್ವೆ. ಅವಳ ಅಪ್ಪನೂ ಅದೇ ಕೆಲಸದವನು, ಅಜ್ಜನೂ ಅದೇ. ಇಪ್ಪತ್ತು ವರ್ಷದಿಂದ ಮಾಕವ್ವೆ ಮೂರು ಅದ್ಭುತಗಳಿಗೆ ಬೆನ್ನು ಕೊಟ್ಟು ನಿಂತಿದ್ದಳು.

ಅವಳಿಗೆ ದೇಮಿ ಎಂಬ ಐದು ವರ್ಷದ ಮಗಳಿದ್ದಳು. ಎಂಟು ವರ್ಷದ ಹಿಂದೆ ದೇಮಿಗೆ ಜ್ವರ ಬಂತು. ಅದೇ ದಿನ, ವರ್ಷಕ್ಕೊಬ್ಬ ಅತಿಥಿಯೂ ಬಾರದ ಆ ನಾಡಿಗೆ ಒಬ್ಬ ಅತಿಥಿ ಬಂದ. ಮಾಕವ್ವೆ ಮಗಳನ್ನು ನೆರೆಮನೆಯವಳ ಮಡಿಲಲ್ಲಿ ಮಲಗಿಸಿ, ಅತಿಥಿಯನ್ನು ಮುಖಗೊಳಕ್ಕೆ ಕರೆದೊಯ್ದಳು. ಅವನು ತನ್ನ ತಾಯಿಯ ಮುಖ ನೋಡಿ ಮನಸಾರೆ ಅತ್ತ. ಇವಳು ಬೆನ್ನು ತಿರುಗಿಸಿ ನಿಂತಿದ್ದಳು. ಮನೆಗೆ ಬರುವ ಹೊತ್ತಿಗೆ ದೇಮಿ ಇರಲಿಲ್ಲ.

ವರ್ಷಗಳು ಕಳೆದಂತೆ ಮಗಳ ಮುಖವೂ ಅವಳ ನೆನಪಿನಿಂದ ಜಾರಿತು. ಮೂಗು ನೆನಪಾದರೆ ಕಣ್ಣು ಮರೆಯಾಗುತ್ತಿತ್ತು. ಆದರೂ ಅತಿಥಿಯೊಂದಿಗೆ ಕೊಳದ ಬಳಿ ನಿಂತಾಗಲೆಲ್ಲ ಅವಳು ಅಂದುಕೊಳ್ಳುತ್ತಿದ್ದಳು, ‘ನನ್ನ ಕೂಸು ಇಲ್ಲೇ ಬೆನ್ನ ಹಿಂದೆ ಇದೆ. ತಿರುಗಿದರೆ ಸಾಕು.’ ತಿರುಗುತ್ತಿರಲಿಲ್ಲ. ಅಷ್ಟು ನೆಮ್ಮದಿಯಲ್ಲೇ ಅವಳ ದಿನ ಸಾಗುತ್ತಿತ್ತು.

ಒಂದು ಸಲ ಬೂದುಬಣ್ಣದ ನಿಲುವಂಗಿಯ ಅತಿಥಿಯೊಬ್ಬ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಬಂದ. ಮಾಕವ್ವೆ ಮೂರೂ ಕಡೆ ಕರೆದೊಯ್ದಳು, ಮೂರೂ ಕಡೆ ಬೆನ್ನು ತಿರುಗಿಸಿದಳು. ‘ಬಹಳ ಚೆನ್ನಾಗಿತ್ತು ತಾಯಿ’ ಎಂದು ಹೇಳಿ ಅವನು ಹೊರಟುಹೋದ. ಬರುವಾಗ ತೆಳ್ಳಗಿದ್ದ ಚೀಲ ಹೋಗುವಾಗ ಉಬ್ಬಿತ್ತು. ಅತಿಥಿಯ ಗಂಟನ್ನು ದಿಟ್ಟಿಸುವುದು ಮರ್ಯಾದೆಯಲ್ಲವೆಂದು ಅದನ್ನೂ ಯಾರೂ ನೋಡಲಿಲ್ಲ.

ಎಂಟು ತಿಂಗಳಾದ ಮೇಲೆ ಮೂಡಣದ ಒಬ್ಬಳು ಜೇನು ಮಾರುವವಳು ದಾರಿ ತಪ್ಪಿ ನಡುವಲಕ್ಕೆ ಬಂದಳು. ಮಾಕವ್ವೆ ಅವಳನ್ನು ಏರುಧಾರೆಗೆ ಕರೆದೊಯ್ದು ತಿರುಗಿ ನಿಂತಳು. ಪ್ರತಿ ಸಲ ಹಿಮ್ಮಡಿಯಿಂದ ಕತ್ತಿನವರೆಗೆ ಏರುತ್ತಿದ್ದ ಹನಿಗಳು ಅಂದು ಏರಲಿಲ್ಲ. ಬೆನ್ನು ಒಣಗಿಯೇ ಇತ್ತು.

‘ಏನಮ್ಮ ಇದು, ಬರೀ ಬಂಡೆ ತೋರ್ಸೋಕೆ ಇಷ್ಟು ದೂರ ನಡೆಸ್ದಾ?’ ಎಂದಳು ಜೇನಿನವಳು.

ಗುಡ್ಡವಿದ್ದಲ್ಲಿ ಬಯಲು. ಕೊಳವಿದ್ದಲ್ಲಿ ಒಣಕೆಸರು. ಇದನ್ನೆಲ್ಲ ಅವಳು ಹೇಳಬೇಕಾಯಿತು, ಮಾಕವ್ವೆ ಆಗಲೂ ತಿರುಗಲಿಲ್ಲ.

ರಾಜ ಅಣ್ಣಿಗದೇವ ಸಭೆ ಕರೆದ. ಆ ಬೂದು ಅಂಗಿಯವನು ಏಳು ಬೆಟ್ಟದಾಚೆಯ ಮಾಯಾವಿ ಕರಿಕೇತನೆಂದೂ, ನಾಡುನಾಡಿನ ಅದ್ಭುತಗಳನ್ನು ಕದ್ದು ತನ್ನ ಕೋಟೆಯ ಅಂಗಳದಲ್ಲಿ ಇಟ್ಟುಕೊಂಡಿದ್ದಾನೆಂದೂ ಜೇನಿನವಳೇ ಹೇಳಿದಳು. ಹೊರಗಿನವರಿಗೆಲ್ಲ ಗೊತ್ತಿದ್ದ ಸುದ್ದಿ ನಡುವಲಕ್ಕೆ ಮಾತ್ರ ತಲುಪಿರಲಿಲ್ಲ.

‘ಯಾರು ತೋರಿಸಿದರೋ ಅವರೇ ತರಬೇಕು’ ಎಂದರು ಹಿರಿಯರು. ಹೇಳುವುದಕ್ಕೇನು, ಕೂತಲ್ಲಿಂದ ಯಾರೂ ಏಳಲಿಲ್ಲ.

‘ನೀವು ಹೇಳದಿದ್ರೂ ಹೋಗ್ತಿದ್ದೆ’ ಎಂದಳು ಮಾಕವ್ವೆ. ಮಗಳು ಎರಡನೆಯ ಸಲ ಕಳೆದುಹೋಗಿದ್ದಳಲ್ಲ.

ಒಂದು ಬೆಟ್ಟ ಹತ್ತಿದಳು, ಇಳಿದಳು. ಎರಡು ಬೆಟ್ಟ ಹತ್ತಿದಳು, ಇಳಿದಳು. ಏಳನೆಯ ಬೆಟ್ಟ ಇಳಿದಾಗ ಕೋಟೆಯ ಬಾಗಿಲಲ್ಲಿ ಎತ್ತಿನಷ್ಟು ದೊಡ್ಡ ಕತ್ತೆಕಿರುಬವೊಂದು ಕೂತಿತ್ತು. ಅದಕ್ಕೆ ಮನುಷ್ಯರ ಮಾತು ಬರುತ್ತಿತ್ತು.

‘ಯಾವ ನಾಡಿನವಳು?’ ಎಂದಿತು. ‘ಐವತ್ತಾರು ನಾಡಿನವರನ್ನ ತಿನ್ನಬೇಕು ಅಂತ ನನಗೆ ಅಪ್ಪಣೆಯಾಗಿದೆ.’

‘ನಡುವಲದವಳು.’

ಕಿರುಬ ಐವತ್ತಾರು ಹೆಸರುಗಳನ್ನು ಮೊದಲಿಂದ ಕೊನೆಯವರೆಗೆ ಹೇಳಿಕೊಂಡಿತು. ಮತ್ತೊಮ್ಮೆ ಹೇಳಿಕೊಂಡಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ‘ಅಂಥದ್ದೊಂದು ನಾಡೇ ಇಲ್ಲ ಕಣೇ. ಹೋಗು ಒಳಗೆ.’

ಮರೆತುಹೋದ ನಾಡಿನವಳಾದದ್ದರಿಂದ ಮಾಕವ್ವೆಗೆ ಆದ ಒಂದೇ ಒಂದು ಲಾಭ ಅದು. ಅವಳು ಅದಕ್ಕೆ ಸಂತೋಷಪಡಲಿಲ್ಲ.

ಅಂಗಳದ ತುಂಬ ಕಲ್ಲಾಗಿ ನಿಂತ ಮನುಷ್ಯರು. ಬಾಗಿಲಿಗೆ ಕಿರುಬ ಬರುವ ಮೊದಲೇ ತಮ್ಮ ತಮ್ಮ ನಾಡಿನ ಅದ್ಭುತಗಳನ್ನು ಹುಡುಕಿಕೊಂಡು ಬಂದವರು. ಅವರ ನಡುವೆ ಕರಿಕೇತ ಕಡ್ಡಿಯಿಂದ ಹಲ್ಲು ಕೆದಕಿಕೊಳ್ಳುತ್ತ ಕೂತಿದ್ದ.

‘ಓಹೋ, ಬೆನ್ನು ತೋರಿಸೋ ತಾಯಿ!’ ಎಂದ. ‘ಮಾಯಾವಿಗಳಿಗೂ ಒಂದು ಕಟ್ಟಳೆಯಿದೆ. ನಿಮ್ಮದನ್ನ ನೀವು ಗುರುತು ಹಿಡಿದರೆ ನಾನು ಕೊಡಲೇಬೇಕು, ಎಲ್ಲವನ್ನೂ ಹಿಡಿದರೆ ನನ್ನ ಮಾಯೆಯೇ ಹರಿಯುತ್ತದೆ. ಒಂದೊಂದಕ್ಕೂ ಎರಡೆರಡು ನಕಲು ಮಾಡಿಟ್ಟಿದ್ದೇನೆ. ತಪ್ಪಿದರೆ ನೀನೂ ಕಲ್ಲು. ನಿನ್ನ ವಿಷಯದಲ್ಲಿ ಮಾತ್ರ ನನಗೆ ಭಯವಿಲ್ಲ. ನಿಮ್ಮದನ್ನ ನೀವು ನೋಡಿಯೇ ಇಲ್ಲವಲ್ಲ!’

ಮೊದಲು ಮೂರು ಜಲಪಾತ ತೋರಿಸಿದ. ಮೂರೂ ಮೇಲಕ್ಕೆ ಧುಮುಕುತ್ತಿದ್ದವು, ಮೂರರಲ್ಲೂ ಕಾಮನಬಿಲ್ಲು. ಮಾಕವ್ವೆ ಕಣ್ಣು ಮುಚ್ಚಿ ಮೂರಕ್ಕೂ ಬೆನ್ನು ತಿರುಗಿಸಿ ನಿಂತಳು. ಮೊದಲನೆಯದು ತಲೆ ತೋಯಿಸಿತು. ಎರಡನೆಯದು ಭುಜ ತೋಯಿಸಿತು. ಮೂರನೆಯದು ಹಿಮ್ಮಡಿಯಲ್ಲಿ ಶುರುವಾಗಿ, ಮೀನಖಂಡ ಹಾಯ್ದು, ಬೆನ್ನುಮೂಳೆಯ ಗುಂಟ ಹತ್ತಿ, ಕತ್ತಿನ ಕುಳಿಯಲ್ಲಿ ಬಂದು ಕೂತಿತು.

‘ಇದು ನಮ್ಮದು.’

ಕರಿಕೇತನ ಬಾಯಿಂದ ಕಡ್ಡಿ ಬಿತ್ತು. ಎರಡನೆಯದಾಗಿ ಮೂರು ಗುಡ್ಡ ತೋರಿಸಿದ. ಮಾರ್ನುಡಿ ಗುಡ್ಡದ ದನಿಯನ್ನು ಮಾಕವ್ವೆ ಕೇಳಿರಲಿಲ್ಲ. ಪ್ರಶ್ನೆ ಕೇಳಿ ವಾಪಸು ಬಂದ ಅತಿಥಿಗಳ ಉಸಿರು ಮಾತ್ರ ಕೇಳಿದ್ದಳು. ಅವರು ದಾರಿಯುದ್ದಕ್ಕೂ ಅವಳೊಡನೆ ಮಾತಾಡುತ್ತಿರಲಿಲ್ಲ, ಗುಡ್ಡವನ್ನೂ ಅವಳನ್ನೂ ಸೇರಿಸಿ ಮನಸ್ಸಿನಲ್ಲೇ ಬೈದುಕೊಳ್ಳುವುದು ಆ ಉಸಿರಿನಲ್ಲೇ ತಿಳಿಯುತ್ತಿತ್ತು. ಅವಳು ಬೆನ್ನು ತಿರುಗಿಸಿಕೊಂಡೇ ಮೂರಕ್ಕೂ ಒಂದೇ ಪ್ರಶ್ನೆ ಹಾಕಿದಳು. ‘ಅವತ್ತು ನಾನು ಮನೇಲೇ ಇದ್ದಿದ್ರೆ ನನ್ನ ಮಗಳು ಉಳೀತಿದ್ಲಾ?’

ಮೊದಲ ಗುಡ್ಡ ಹೇಳಿತು, ‘ನಿನ್ನ ತಪ್ಪೇನೂ ಇಲ್ಲ ತಾಯಿ, ಎಲ್ಲ ಹಣೆಬರಹ.’

ಎರಡನೆಯ ಗುಡ್ಡ ಹೇಳಿತು, ‘ಅವಳು ದೇವರ ಪಾದದಲ್ಲಿ ಸುಖವಾಗಿದ್ದಾಳೆ. ನಿನ್ನಂಥ ತಾಯಿ ಇನ್ನೊಬ್ಬಳಿಲ್ಲ.’

ಮೂರನೆಯದು ಹೇಳಿತು, ‘ಉಳೀತಿರಲಿಲ್ಲ. ಆದ್ರೆ ಅವಳು ನಿನ್ನನ್ನ ಕೇಳಿದ್ಲು. ಮೂರು ಸಲ ಕೇಳಿದ್ಲು.’

ಮಾಕವ್ವೆಗೆ ಆ ಗುಡ್ಡಕ್ಕೆ ಕಲ್ಲು ಬೀಸಬೇಕೆನಿಸುವಷ್ಟು ಸಿಟ್ಟು ಬಂತು. ಆ ಸಿಟ್ಟಿನಿಂದಲೇ ಗುರುತು ಸಿಕ್ಕಿತು. ‘ಇದೇ ನಮ್ಮದು’ ಎಂದಳು.

ಮೂರನೆಯದಾಗಿ ಮೂರು ಕೊಳ. ಅವಳು ಬೆನ್ನು ತಿರುಗಿಸಿ ನಿಂತಳು. ಏನೂ ತಿಳಿಯಲಿಲ್ಲ. ಕೊಳಕ್ಕೆ ಸದ್ದಿಲ್ಲ, ಹನಿಯಿಲ್ಲ, ಮಾತಿಲ್ಲ. ಮುಖಗೊಳದ ಬಳಿ ಅವಳು ಕೇಳಿದ್ದುದು ಅತಿಥಿಗಳ ಅಳುವನ್ನಷ್ಟೇ. ಇಲ್ಲಿ ಅಳಲು ಅತಿಥಿಯೇ ಇರಲಿಲ್ಲ.

‘ಏನಾಯ್ತು ಬೆನ್ನಿಗೆ?’ ಎಂದು ಕರಿಕೇತ ನಕ್ಕ.

ಇಪ್ಪತ್ತು ವರ್ಷದ ಕಟ್ಟಳೆ ಅವಳ ಕತ್ತನ್ನು ಹಿಡಿದುಕೊಂಡಿತ್ತು. ಅಪ್ಪ ಸಾಯುವಾಗ ಕೈಮೇಲೆ ಕೈ ಇಡಿಸಿಕೊಂಡು ‘ಎಂದೂ ತಿರುಗಬೇಡ’ ಎಂದ ಮಾತು ನೆನಪಾಯಿತು. ‘ಮೂರು ಸಲ ಕೇಳಿದ್ಲು’ ಎಂದ ಮಾತೂ ನೆನಪಾಯಿತು. ಮಾಕವ್ವೆ ತಿರುಗಿದಳು.

ಮೊದಲ ಕೊಳದಲ್ಲಿ ಪಟ್ಟೆಲಂಗ ಉಟ್ಟು, ಮೊಗ್ಗಿನ ಜಡೆ ಹಾಕಿಕೊಂಡು ನಗುವ ಹುಡುಗಿ. ಎಂಥ ಚೆಲುವೆ! ಎರಡನೆಯದರಲ್ಲಿ ಹದಿಮೂರು ವರ್ಷಕ್ಕೆ ಬೆಳೆದು ನಿಂತ, ತಾಯಿಯನ್ನು ಕ್ಷಮಿಸಿದ ಕಣ್ಣುಗಳ ಹುಡುಗಿ. ಅದರ ಮುಂದೆ ಮಾಕವ್ವೆ ಬಹಳ ಹೊತ್ತು ನಿಂತಳು. ಅದೇ ನಿಜವಾಗಲಿ ಎಂದು ಅವಳ ಕರುಳು ಕೂಗುತ್ತಿತ್ತು. ಮೂರನೆಯದರಲ್ಲಿ ಐದು ವರ್ಷದ ಒಂದು ಮಗು. ಮೂಗಿನಡಿ ಒಣಗಿದ ಸಿಂಬಳ, ಕೆದರಿದ ಕೂದಲು, ಮುಂದಿನ ಒಂದು ಹಲ್ಲಿನ ಮೂಲೆ ಮುರಿದಿತ್ತು. ನಗುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ, ಬಾಗಿಲ ಕಡೆ ನೋಡುವಂತೆ ನೋಡುತ್ತಿತ್ತು.

ಒರಳುಕಲ್ಲಿಗೆ ಬಿದ್ದು ಮುರಿದ ಹಲ್ಲು. ಎಂಟು ವರ್ಷ ಅದನ್ನು ಮರೆತೇಬಿಟ್ಟಿದ್ದಳು.

‘ಇವಳೇ’ ಎಂದಳು. ‘ಇವಳೇ ನನ್ನ ದೇಮಿ. ಬಂದೆ ಕಣವ್ವ, ತಡವಾಯ್ತು.’

ಮೂರನ್ನೂ ಗುರುತು ಹಿಡಿದ ಕೂಡಲೇ ಕರಿಕೇತನ ಮಾಯೆ ಹರಿಯಿತು. ಅವನು ಕುಗ್ಗಿ ಕುಗ್ಗಿ ಮೊಣಕಾಲೆತ್ತರದ ಮುದುಕನಾಗಿ, ಆಮೇಲೆ ಒಂದು ಹಿಡಿ ಬೂದಿಯಾಗಿ, ಗಾಳಿಗೆ ಹೋದ; ಬಾಗಿಲ ಕಿರುಬವೂ ಅವನೊಂದಿಗೇ ಮಾಯವಾಯಿತು. ಕಲ್ಲಾಗಿದ್ದವರು ಮೈಮುರಿದು ಎದ್ದು ತಮ್ಮ ತಮ್ಮ ಅದ್ಭುತಗಳನ್ನು ಎತ್ತಿಕೊಂಡರು. ಮಾಕವ್ವೆ ಅದೇ ಗೋಣಿಚೀಲದಲ್ಲಿ ಜಲಪಾತ, ಗುಡ್ಡ, ಕೊಳ ತುಂಬಿಕೊಂಡು ಏಳು ಬೆಟ್ಟ ಹತ್ತಿ ಇಳಿದಳು.

ನಡುವಲದಲ್ಲಿ ತಮಟೆ ಬಾರಿಸಿದರು. ರಾಜ ಶಾಲು ಹೊದಿಸಿ ಹಣ್ಣಿನ ತಟ್ಟೆ ಕೊಟ್ಟ. ‘ನೋಡದ ವಸ್ತುವನ್ನ ಹೇಗೆ ಗುರುತು ಹಿಡಿದೆ?’ ಎಂದು ಹಿರಿಯರು ಕೇಳಿದರು. ಜಲಪಾತದ ಕತೆ ಹೇಳಿದಳು, ತಲೆದೂಗಿದರು. ಗುಡ್ಡದ ಕತೆ ಹೇಳಿದಳು, ಕಣ್ಣೊರೆಸಿಕೊಂಡರು. ‘ಮತ್ತೆ ಕೊಳ?’

ಸುಳ್ಳು ಹೇಳಬಹುದಿತ್ತು. ಯಾರು ನೋಡಿದ್ದರು? ಆದರೆ ಮಾಕವ್ವೆ ‘ತಿರುಗಿ ನೋಡಿದೆ’ ಎಂದಳು.

ತಮಟೆ ನಿಂತಿತು.

‘ಎಂಜಲಾಯ್ತಲ್ಲೇ!’ ಎಂದು ಹಿರಿಯನೊಬ್ಬ ಎದೆಗೆ ಕೈಯಿಟ್ಟುಕೊಂಡ.

‘ಕೊಳ ಕೆಟ್ಟಿದ್ಯಾ? ಹೋಗಿ ನೋಡ್ಕೊಂಡು ಬನ್ನಿ.’

‘ನಾವು ಹೇಗೆ ನೋಡೋಕಾಗುತ್ತೆ?’

ಅಲ್ಲಿಗೆ ಮಾತು ಮುಗಿಯಿತು. ರಾಜ ನೆಲ ನೋಡುತ್ತ ತೀರ್ಪು ಕೊಟ್ಟ. ಕೊಳಕ್ಕೆ ಅರಿಸಿನದ ನೀರು ಚಿಮುಕಿಸಿ ಶುದ್ಧಮಾಡುವುದು. ಮಾಕವ್ವೆಯ ಉಪಕಾರವನ್ನು ನಾಡು ಮರೆಯುವುದಿಲ್ಲ. ಇನ್ನು ಮುಂದೆ ಅವಳು ಮೂರು ಅದ್ಭುತಗಳ ಹತ್ತಿರ ಸುಳಿಯಕೂಡದು. ಅವಳ ಕೆಲಸವನ್ನು ಅವಳ ಬಳಿಯೇ ಕಲಿತ ಬಾಚಲೆ ಎಂಬ ಹೆಂಗಸಿಗೆ ಕೊಟ್ಟರು. ಶಾಲನ್ನು ಮಾತ್ರ ವಾಪಸು ಕೇಳಲಿಲ್ಲ. ದೊಡ್ಡ ಮನಸ್ಸು.

ಕಲ್ಲಿನಿಂದ ಎದ್ದವರು ಐವತ್ತಾರು ನಾಡುಗಳಲ್ಲೂ ಈ ಕತೆ ಹರಡಿದರು. ನಕ್ಷೆ ಬರೆಯುವವರು ದಿಕ್ಕಿನ ಚಿತ್ರವನ್ನು ಸಮುದ್ರದ ಮೇಲಕ್ಕೆ ಸರಿಸಿದರು. ಗಾಡಿಗಳ ಪರದೆ ಸರಿದವು. ಸಾಲುಸಾಲಾಗಿ ಪ್ರವಾಸಿಗರು ಬಂದರು, ಛತ್ರಗಳೆದ್ದವು, ಊರಿಗೊಂದು ಪಾನಕದ ಅಂಗಡಿಯಾಯಿತು. ಬೆನ್ನು ತಿರುಗಿಸಿ ನಿಲ್ಲುವ ಜನರನ್ನು ನೋಡುವುದೇ ನಾಲ್ಕನೆಯ ಅದ್ಭುತವೆಂದು ಅತಿಥಿಗಳು ಹೇಳತೊಡಗಿದ ಮೇಲೆ ಆ ಕಟ್ಟಳೆಯನ್ನು ಬಿಡುವ ಮಾತನ್ನು ಯಾರೂ ಎತ್ತಲಿಲ್ಲ.

ಮಾಕವ್ವೆ ಒಂದು ದಿನ ಬುತ್ತಿ ಕಟ್ಟಿಕೊಂಡು ಮೂಡಣದ ಗಡಿ ದಾಟಿದಳು. ಮೂರು ದಿನದ ದಾರಿ. ಆಚೆಯ ಊರಿನಲ್ಲಿ ಅಲ್ಲಿನವರಂತೆ ಸೀರೆ ಉಟ್ಟು, ಅಲ್ಲಿನವರಂತೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಪ್ರವಾಸಿಗರ ಗಾಡಿ ಹತ್ತಿ ಮತ್ತೆ ಮೂರು ದಿನ ಹಿಂದಕ್ಕೆ ಬಂದಳು. ಮುಖಗೊಳದ ಮುಂದೆ ಉದ್ದನೆಯ ಸಾಲು. ಬೆಳಗಿನಿಂದ ನಿಂತವಳಿಗೆ ಮಧ್ಯಾಹ್ನದ ಹೊತ್ತಿಗೆ ಸರದಿ ಬಂತು.

ಬಾಚಲೆ ಬೆನ್ನು ತಿರುಗಿಸಿಕೊಂಡು ನಿಂತಿದ್ದಳು. ಮಾಕವ್ವೆ ಕಲಿಸಿದ ವರ್ಣನೆಯನ್ನೇ ಒಂದಕ್ಷರ ತಪ್ಪದೆ ಒಪ್ಪಿಸಿ, ಕೊನೆಯಲ್ಲಿ ಮಾಕವ್ವೆ ಕಲಿಸಿದಂತೆಯೇ ಕೇಳಿದಳು, ‘ಯಾವ ನಾಡಿನವರಮ್ಮ ತಾವು?’

‘ಬಹಳ ದೂರದವಳವ್ವ.’

ಬಾಚಲೆಗೆ ಆ ದನಿಯ ಗುರುತು ಸಿಗದಿರುತ್ತದೆಯೇ? ಆದರೂ ಅವಳು ತಿರುಗಲಿಲ್ಲ, ‘ನಿಧಾನವಾಗಿ ನೋಡಿ, ಆತುರವಿಲ್ಲ’ ಎಂದಳು.

ದೇಮಿ ಹುಬ್ಬು ಗಂಟಿಕ್ಕಿಕೊಂಡೇ ಇದ್ದಳು. ಹಿಂದಿನವರು ಗೊಣಗುವವರೆಗೂ ಮಾಕವ್ವೆ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು ಮೂಡಣದ ಗಾಡಿ ಹತ್ತಿದಳು, ಅವಳು ಬಂದ ನಾಡು ಆ ಕಡೆಗಿದೆಯೆಂದು ಎಲ್ಲರೂ ತಿಳಿದಿದ್ದರಲ್ಲ.

ಮಾಯಾವಿ ಬೂದಿಯಾದ. ರಾಜ ಸುಖವಾಗಿದ್ದ, ಪ್ರಜೆಗಳು ಸುಖವಾಗಿದ್ದರು, ಪ್ರವಾಸಿಗರಂತೂ ಬಹಳ ಸುಖವಾಗಿದ್ದರು. ಮಾಕವ್ವೆ ಬದುಕಿರುವವರೆಗೂ ವರ್ಷಕ್ಕೊಮ್ಮೆ ಪರದೇಶದವಳಾಗಿ ಬಂದು ತನ್ನ ಮಗಳನ್ನು ನೋಡಿಕೊಂಡು ಹೋದಳು.