ಮೋರಿ ಇದ್ದಲ್ಲಿ

ಮೂರನೆಯ ಸಲವೂ ಇಟ್ಟಿಗೆಗಳು ಮಣ್ಣಾಗಿ ಹೋದವು. ಮೇಲಿನ ಹೊಲ ಬೀಗರದು, ಕೆಳಗಿನ ಅಂಗಳ ಇಟ್ಟಿಗೆಯವನದು, ನಡುವೆ ಒಂದು ಮಣ್ಣುರಸ್ತೆ, ರಸ್ತೆಯ ಹೊಟ್ಟೆಯಲ್ಲಿ ಸಿಮೆಂಟು ಕೊಳವೆಯ ಮೋರಿ. ಮಳೆ ಹೊಯ್ದಿತೆಂದರೆ ಬೀಗರ ಹೊಲದ ನೀರೆಲ್ಲ ಮೋರಿಯಲ್ಲಿ ನುಸುಳಿ ಬಂದು, ಒಣಗಲಿಟ್ಟ ಹಸಿ ಇಟ್ಟಿಗೆಗಳ ಕಾಲು ತೊಳೆದು ಹೋಗುತ್ತಿತ್ತು. ಕಾಲಿಲ್ಲದ ಮೇಲೆ ತಲೆ ನಿಲ್ಲುವುದುಂಟೆ? ಇನ್ನೊಂದು ಸಲ ಹೀಗಾದರೆ ಕಸುಬನ್ನೇ ಕೈಬಿಡಬೇಕಿತ್ತು.

"ನೀರಿಗೆ ನಾನೇನು ಹೇಳ್ಲಿ ಬೀಗರೇ, ಅದು ನನ್ನ ಮಾತು ಕೇಳತ್ತಾ? ನಿಮ್ಮ ಮಗಳೇ ಕೇಳಲ್ಲ," ಎಂದು ನಕ್ಕಿದ್ದರು ಬೀಗರು. ಇಟ್ಟಿಗೆಯವನ ಮಗಳು ಆ ಮನೆಯ ಸೊಸೆ. ಜಗಳವಾಡುವಂತೆಯೂ ಇರಲಿಲ್ಲ.

ಕಾನೂನೂ ಬೀಗರ ಕಡೆಗೇ ಇತ್ತು. ಕಚೇರಿಯ ಬೆಂಚಿನ ಮೇಲೆ ಕೂತು ಅವನು ಅದನ್ನು ಅಕ್ಷರಕ್ಕೆ ಅಕ್ಷರ ಓದಿದ. ರಸ್ತೆಯಡಿ ಮೋರಿ ಇದ್ದಲ್ಲಿ ಮೇಲಿನವನ ನೀರನ್ನು ಕೆಳಗಿನವನು ತಡೆಯತಕ್ಕದ್ದಲ್ಲ. ಮೋರಿಗೆ ಕಲ್ಲು, ಮಣ್ಣು, ಮುಳ್ಳು, ಸತ್ತ ಪ್ರಾಣಿ ತುರುಕತಕ್ಕದ್ದಲ್ಲ. ಸತ್ತ ಪ್ರಾಣಿಯವರೆಗೆ ಯೋಚಿಸಿದ ಪುಣ್ಯಾತ್ಮ ಅಲ್ಲಿಗೆ ಸುಸ್ತಾಗಿ ಪೆನ್ನು ಮುಚ್ಚಿದ್ದ. 'ಮೋರಿ ಇದ್ದಲ್ಲಿ' ಎಂಬ ಮಾತಿನ ಮೇಲೆ ಇಟ್ಟಿಗೆಯವನ ಬೆರಳು ನಿಂತಿತು. ಇಲ್ಲದಿದ್ದಲ್ಲಿ? ಇಲ್ಲದಿದ್ದಲ್ಲಿ ಮೇಲಿನವನು ಹೊಸ ಮೋರಿಗೆ ಅರ್ಜಿ ಹಾಕಬೇಕು. ತಾತ ಹಾಕಿದ ಅರ್ಜಿಗೆ ಮೊಮ್ಮಗ ಮೋರಿ ಕಂಡ ಉದಾಹರಣೆಗಳಿದ್ದವು.

ಅವನು ಮೋರಿಯನ್ನು ಕದಿಯಲು ನಿರ್ಧರಿಸಿದ.

ಕದಿಯುವವರೆಲ್ಲ ಕತ್ತಲೆಯನ್ನು ನಂಬಿ ಕೆಡುತ್ತಾರೆ. ಅವನು ಕಿತ್ತಳೆ ಬಣ್ಣದ ಅಂಗಿಯನ್ನು ನಂಬಿದ. ತಲೆಗೆ ಹಳದಿ ಹೆಲ್ಮೆಟ್ಟು, ಧೂಳಿಗೆಂಬ ನೆಪದಲ್ಲಿ ಮುಖಕ್ಕೆ ಟವೆಲ್ಲು, ದನಿಯ ಗುರುತು ಸಿಗದಿರಲೆಂದು ಬಾಯಲ್ಲೊಂದು ಗೋಲಿ. ಎದುರಿಗೆ 'ಕಾಮಗಾರಿ ನಡೆದಿದೆ, ಸಹಕರಿಸಿ' ಎಂಬ ಬೋರ್ಡು. ನಾಳೆ ವಿಚಾರಣೆಯಾದರೆ ಒಂದು ಕಚೇರಿ ಇನ್ನೊಂದರತ್ತ ಬೆರಳು ತೋರಿಸುತ್ತದೆ. ಆ ಬೆರಳುಗಳ ಕಾಡಿನಲ್ಲಿ ಅವನನ್ನು ಹುಡುಕುವವರು ಯಾರು?

ಊರಿಗೆ ಹೋಗಿಬರುತ್ತೇನೆಂದು ಹೆಂಡತಿಗೆ ಹೇಳಿ ಹೊರಟವನು ಬಾಡಿಗೆಯ ಗಾಡಿಯೊಂದನ್ನು ತಂದು ನಿಲ್ಲಿಸಿ ಹಾಡುಹಗಲಲ್ಲಿ ರಸ್ತೆ ಅಗೆದ. ಜನ ಸೈಕಲ್ಲಿನಿಂದಿಳಿದು, ಇಲಾಖೆಗೆ ಬೈದು, ಬದಿಯಿಂದ ದಾಟಿದರು. ಒಬ್ಬರೂ ಅವನ ಮುಖ ನೋಡಲಿಲ್ಲ. ಆಮೇಲೆ ಬೀಗರೇ ಬಂದರು, ಕೈಯಲ್ಲಿ ಟೀ ಲೋಟ.

"ಯಾರಪ್ಪಾ ಅಗೆಯಕ್ಕೆ ಹೇಳಿದ್ದು?"

"ಮೇಲಿಂದ ಆರ್ಡರ್," ಎಂದ ಗೋಲಿಯ ಸಂದಿಯಿಂದ.

"ಹಾಗಾದ್ರೆ ಸರಿ. ಟೀ ಕುಡಿ."

ಅವನು ಬೆನ್ನು ತಿರುಗಿಸಿ, ಟವೆಲ್ಲು ಎತ್ತಿ, ಗೋಲಿಯನ್ನು ಕೆನ್ನೆಗೆ ಸರಿಸಿ ಕುಡಿದ. ಬೀಗರಿಗೆ ಮಾತಿನ ಚಪಲ. "ಆ ಕೆಳಗಿನ ಮನೆಯವರು ನಮ್ಮ ಬೀಗರು. ಮನುಷ್ಯ ಚಿನ್ನ, ತಲೆಯೊಳಗೆ ಮಾತ್ರ ಹಸಿ ಇಟ್ಟಿಗೆ. ಎಲ್ಲಾ ಮಟ್ಟಸವಾಗಿರ್ಬೇಕು ಅವರಿಗೆ. ನಮ್ಮನೆಗೆ ಬಂದ್ರೆ ಚಾಪೆ ಸುಕ್ಕು ಸವರಿ ಸವರಿ, ಆಮೇಲೆ ಕೂರ್ತಾರೆ!"

ಗೋಲಿ ಗಂಟಲಿಗಿಳಿಯುವುದರಲ್ಲಿತ್ತು. ಅಷ್ಟು ಹೇಳಿ ಬೀಗರು ಪಂಚೆ ಎತ್ತಿ ಕಟ್ಟಿ, ಕೊಳವೆಯನ್ನು ಗಾಡಿಗೆ ಉರುಳಿಸಲು ಹೆಗಲು ಕೊಟ್ಟರು. ಕದಿಸಿಕೊಳ್ಳುವವನೇ ಕಳ್ಳನಿಗೆ ಕೂಲಿಯಾಳಾದ ಈ ಸೊಗಸನ್ನು ಯಾರಿಗೂ ಹೇಳಿಕೊಳ್ಳುವಂತಿಲ್ಲವಲ್ಲ ಎಂಬುದೊಂದೇ ಇಟ್ಟಿಗೆಯವನ ಕೊರಗು.

ಆಮೇಲಿನದು ಅವನ ಕೈಗೆ ನೀರು ಕುಡಿದಷ್ಟು ಸಲೀಸು. ಮಣ್ಣನ್ನು ಪದರ ಪದರವಾಗಿ ತುಂಬಿ, ಕುಟ್ಟಿ ದಮ್ಮಸು ಮಾಡಿದ. ಮಟ್ಟದ ಹಲಗೆ ಎಳೆದ. ಅಂಚಿಗೆ ಹುಲ್ಲಿನ ಹೆಂಟೆ ಕೂರಿಸಿದ. ಕೊಳವೆಯ ಜಾಗ ತುಂಬಲು ತಂದಿದ್ದ ಮಣ್ಣಿನಲ್ಲಿ ಉಳಿದ ಗುಡ್ಡೆಯನ್ನೂ ಗಾಡಿಗೆ ತುಂಬಿಕೊಂಡ. ಸಂಜೆಯೊಳಗೆ ರಸ್ತೆ ಕ್ಷೌರ ಮುಗಿಸಿದ ಕೆನ್ನೆಯಂತಿತ್ತು. ಕೊಳವೆ ಇಟ್ಟಿಗೆಗೂಡಿನ ಒಳಗೆ ಸೇರಿತು.

ಮಳೆ ಬಂತು. ಇಟ್ಟಿಗೆಗಳು ಕಾಲು ನೆನೆಯದೆ ನಿಂತವು. ಬೀಗರ ಹೊಲ ಕೆರೆಯಾಯಿತು. ದೂರು ಹೋಗಿ, ಇಂಜಿನಿಯರಮ್ಮ ಜೀಪಿನಲ್ಲಿ ಬಂದಿಳಿದರು.

"ನಿಮ್ಮವರೇ ಕಿತ್ಕೊಂಡು ಹೋದ್ರು ಮೇಡಂ! ನಾನೇ ಟೀ ಕೊಟ್ಟಿದ್ದೀನಿ," ಎಂದರು ಬೀಗರು.

ಬೀಗರಿಗೆ ಬೆಂಬಲವಾಗಿ ನಿಲ್ಲುವುದು ನೆಂಟಸ್ತಿಕೆಗೂ ಚಂದ, ಯೋಜನೆಗೂ ಭದ್ರ. "ಹೌದು ಮೇಡಂ," ಎಂದ ಇಟ್ಟಿಗೆಯವನು. "ಇಲಾಖೆಯವರೇ. ಬೆಳಿಗ್ಗೆ ಅಗೆದ್ರು, ಸಂಜೆಗೆ ಮುಚ್ಚಿದ್ರು. ನಾನೇ ಕಣ್ಣಾರೆ ನೋಡಿದೆ."

ಇಂಜಿನಿಯರಮ್ಮ ತಲೆಯೆತ್ತಿದರು. "ಅದೇ ದಿನ ಮುಚ್ಚಿದ್ರಾ?" ರಸ್ತೆಯ ಮೇಲೆ ಆಚೆಯಿಂದೀಚೆ ನಡೆದರು, ಎಲ್ಲೂ ಎಡವಲಿಲ್ಲ. ಮಣ್ಣಿನ ಗುಡ್ಡೆ ಹುಡುಕಿದರು, ಸಿಗಲಿಲ್ಲ. "ನೋಡಿ, ಇಷ್ಟು ವರ್ಷದ ಸರ್ವೀಸಲ್ಲಿ ನಮ್ಮವರು ಅಗೆದ ಗುಂಡಿ ಅದೇ ದಿನ ಮುಚ್ಚಿದ್ದು ನಾನು ಕಂಡಿಲ್ಲ. ನಮ್ಮ ಇಲಾಖೆ ಮೇಲೆ ಅಂಥ ಆರೋಪ ಹೊರಿಸ್ಬೇಡಿ. ಇದು ಕಳ್ಳತನ. ಅದೂ ಕೆಲಸ ಬಲ್ಲವನು ಮಾಡಿರೋದು." ಬೀಗರ ಕಣ್ಣು ನೆಲದ ಮೇಲಿತ್ತು. ಅಲ್ಲಿ ಜೀಪಿನ ಚಕ್ರ ಹಸಿ ಮಣ್ಣಿನಲ್ಲಿ ಎಬ್ಬಿಸಿದ ಒಂದು ಏರನ್ನು ಇಟ್ಟಿಗೆಯವನ ಬಲಗಾಲು, ಅವನನ್ನು ಕೇಳದೆಯೇ, ಮೆಲ್ಲಗೆ ಸವರಿ ಸವರಿ ಮಟ್ಟ ಮಾಡುತ್ತಿತ್ತು. "ಬೀಗರೇ," ಎಂದರು ಅವರು ಬಹಳ ಅಕ್ಕರೆಯಿಂದ, "ಆವತ್ತು ಟೀಗೆ ಸಕ್ಕರೆ ಸರಿಯಾಗಿತ್ತಾ?"