ಒಂದು ಬದನೆಕಾಯಿ, ಮೇಲೆ ಕೊಸರು

ನನ್ನ ಪ್ರೇಮಕಥೆ ಶುರುವಾದದ್ದು ಬದನೆಕಾಯಿಯಿಂದ. ನಗುವವರು ಈಗಲೇ ನಕ್ಕುಬಿಡಿ.

"ಒಂದೇನಾ ಮೇಡಂ?"

"ಒಂದೇ ಸಾಕು ಅಣ್ಣ."

"ಕಾಲು ಕೆಜಿ ತಗೊಳ್ಳಿ, ಎಳೇದಿದೆ."

"ಬೇಡ, ಒಂದೇ. ತೊಟ್ಟು ಮುರಿದಿರಬಾರದು. ಬಣ್ಣ ಚೆನ್ನಾಗಿರ್ಬೇಕು."

ತರಕಾರಿ ಗಾಡಿಯವನು ನನ್ನನ್ನೊಮ್ಮೆ, ಬದನೆಕಾಯಿಯನ್ನೊಮ್ಮೆ ನೋಡಿದ. ಎಲ್ಲವನ್ನೂ ಕೆದಕಿ ಒಂದನ್ನು ಆರಿಸಿದ. ಅದನ್ನು ಕೊಟ್ಟಮೇಲೆ, ಏನನ್ನಿಸಿತೋ, ಎರಡು ಎಸಳು ಕೊತ್ತಂಬರಿ ಮೇಲೆ ಇಟ್ಟ. "ಕೊಸರು" ಎಂದ. ಒಂದು ಬದನೆಕಾಯಿಗೆ ಕೊಸರು ಕೊಟ್ಟವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅವನ ಹೆಸರು ಶಶಿಕುಮಾರ್. ಬೆಂಗಳೂರಿನ ಹೂಡಿಯ ನಮ್ಮ ಗಲ್ಲಿಯ ತಿರುವಿನಲ್ಲಿ, ಹೊಂಗೆ ಮರದ ಕೆಳಗೆ ಅವನ ಗಾಡಿ. ನಾನು ಕೃಪಾ, ವಯಸ್ಸು ಮೂವತ್ತಾರು. ಅದೇ ಗಲ್ಲಿಯ ಎರಡನೇ ಮಹಡಿಯಲ್ಲಿ ನನ್ನದು ಒಂದು ರೂಮು, ಒಂದು ಟೇಬಲ್ಲು, ಒಂದು ಕುರ್ಚಿ. ಆ ಕುರ್ಚಿಯಲ್ಲೇ ಕೂತು ಆಫೀಸಿನ ಕೆಲಸ ಮಾಡುತ್ತೇನೆ, ಅಲ್ಲೇ ಊಟ ಮಾಡುತ್ತೇನೆ. ಮೀಟಿಂಗಿನಲ್ಲಿ ನಾನು ಆಡುವ ಮಾತು ಎರಡೇ: "ಯೆಸ್, ಆಡಿಬಲ್" ಮತ್ತು "ನೋ ಬ್ಲಾಕರ್ಸ್", ಅಂದರೆ ಕೆಲಸಕ್ಕೆ ಅಡ್ಡಿಯೇನಿಲ್ಲ. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುರಿದುಬಿದ್ದ ಮೇಲೆ ಊರಿನಿಂದ ಬರುವ ಫೋನುಗಳೂ ಕಡಿಮೆಯಾಗಿದ್ದವು.

ನಮ್ಮ ಕಂಪನಿಯವರಿಗೆ ಒಂದು ದಿನ ನೌಕರರ ಮನಸ್ಸಿನ ಆರೋಗ್ಯದ ನೆನಪಾಯಿತು. ಎಲ್ಲರ ಮನೆಗೂ ಒಂದೊಂದು ಡಬ್ಬಿ ಕಳಿಸಿದರು. ಅದರಲ್ಲಿ ಹಿಸುಕುವ ಒಂದು ಚೆಂಡು, ಗ್ರೀನ್ ಟೀ, ಇಪ್ಪತ್ತನಾಲ್ಕು ಬ್ರಷ್ ಪೆನ್ನುಗಳು, ಚಿತ್ರ ಬರೆಯಲು ಒಂದು ಖಾಲಿ ಪುಸ್ತಕ. ನೀರಿನ ಬಣ್ಣದ ಪೆನ್ನುಗಳು ಅವು. ಗೀಚಿ, ಮೇಲೆ ಒದ್ದೆ ಕುಂಚ ಆಡಿಸಿದರೆ ಬಣ್ಣ ಕರಗಿ ಹರಡುತ್ತದೆ. ಏನು ಬರೆಯಲಿ ಎಂದು ಸುತ್ತ ನೋಡಿದರೆ ಬರೆಯುವಂಥದ್ದು ಮನೆಯಲ್ಲಿ ಏನೂ ಇರಲಿಲ್ಲ. ಹಾಗಾಗಿ ಆ ಶನಿವಾರ ಕೆಳಗಿಳಿದು ಹೋಗಿ ಆ ಬದನೆಕಾಯಿ ತಂದೆ.

ನನ್ನ ಬದನೆಕಾಯಿ ಚಪ್ಪಲಿಯ ಹಾಗೆ ಬಂತು. ಆದರೂ ಎರಡು ಗಂಟೆ ಹೊತ್ತು ನಾನು ಒಬ್ಬಳೇ ಇದ್ದೇನೆ ಎನ್ನುವುದು ಮರೆತುಹೋಗಿತ್ತು. ಪುಟದ ಮೂಲೆಯಲ್ಲಿ ಆ ಕೊತ್ತಂಬರಿಯನ್ನೂ ಬರೆದೆ. ಸಂಜೆ ಎರಡನ್ನೂ ಹಾಕಿ ಪಲ್ಯ ಮಾಡಿ ತಿಂದೆ.

ಭಾನುವಾರ ಕ್ಯಾರೆಟ್. ಸೋಮವಾರ ಮೂಲಂಗಿ, ಆ ಡಬ್ಬಿಯಲ್ಲಿ ಬಿಳಿ ಪೆನ್ನೇ ಇಲ್ಲ, ಸುತ್ತಲೂ ನೆರಳು ಬರೆದು ಮೂಲಂಗಿಯನ್ನು ಖಾಲಿ ಬಿಡಬೇಕು. ಮಂಗಳವಾರ ಟೊಮೆಟೊ. ಬುಧವಾರ ಹಾಗಲಕಾಯಿ ಬರೆಯಲು ಹೋಗಿ ಅಳು ಬಂತು, ಅಷ್ಟು ಗಂಟುಗಳು. ಗುರುವಾರ ಹಳದಿ ಸೌತೆ.

"ಇವತ್ತು ಹಳದೀದು ಬೇಕು" ಎಂದು ನಾನು ಹೇಳಿದಾಗ ಶಶಿಕುಮಾರ್ ಒಮ್ಮೆಲೇ ಗಂಭೀರನಾದ. ತಲೆಯಾಡಿಸಿದ. ಬಾಟಲಿ ನೀರಿನಿಂದ ಕೈ ತೊಳೆದುಕೊಂಡ. ಸೌತೆಯನ್ನು ಶುಭ್ರ ಬಟ್ಟೆಯಲ್ಲಿ ಒರೆಸಿ, ಬಾಳೆಲೆಯ ತುಂಡಿನಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಅಂದಿನಿಂದ ದಿನಾ ಹಾಗೆಯೇ. ಬೇರೆಯವರಿಗೆ ಬೀನ್ಸನ್ನು ಮುಷ್ಟಿಯಲ್ಲಿ ಬಾಚಿ ಎಸೆಯುವವನು ನನ್ನ ಒಂದು ಕಾಯಿಗೆ ಕೈ ತೊಳೆಯುತ್ತಿದ್ದ. ನಾನೇನು ಕಲ್ಲೇ? ಆ ಕೈಗಳನ್ನು ನೋಡುವುದಕ್ಕೆಂದೇ ಬೇಗ ತಲೆ ಬಾಚಿಕೊಳ್ಳತೊಡಗಿದೆ.

ಮಾತು ಹೆಚ್ಚೇನಿಲ್ಲ, ಐದು ನಿಮಿಷ. ಆ ಗಲ್ಲಿಯ ನಾಲ್ಕು ಮಹಡಿ ಕಟ್ಟಡ ಅವರದೇ ಎಂದು ತಿಳಿದ ದಿನ ನನಗೆ ಆಶ್ಚರ್ಯವಾಯಿತು.

"ಮತ್ತೆ ಗಾಡಿ ಯಾಕೆ?"

"ನಿಮ್ಮ ಟೆಕ್ ಪಾರ್ಕಲ್ಲಿ ಕಾರು ನಿಲ್ಲಿಸ್ತಾರಲ್ಲ ಮೇಡಂ, ಅಲ್ಲಿ ನಮ್ಮ ಬದನೆ ಮಡಿ ಇತ್ತು. ಈಗ ಮನೇಲಿ ಕೂತ್ರೆ ಗೋಡೆ ನೋಡ್ಬೇಕು. ಇಲ್ಲಾದ್ರೆ ಜನ ಬರ್ತಾರೆ." ಟೊಮೆಟೊ ಜೋಡಿಸುತ್ತ ಹೇಳಿದ. "ಹೆಣ್ಣು ನೋಡೋಕೆ ಹೋದಲ್ಲೆಲ್ಲ ಹುಡುಗ ಏನ್ ಮಾಡ್ತಾನೆ ಅಂತಿದ್ರು. ತರಕಾರಿ ಅಂತಿದ್ದೆ. ಕಾಫಿ ಕೊಟ್ಟು ಕಳಿಸ್ತಿದ್ರು."

ಅವನು ನಕ್ಕ. ನನಗೆ ನಗು ಬರಲಿಲ್ಲ. ಗೋಡೆ ನೋಡುತ್ತ ಕೂರುವುದು ಏನೆಂದು ನನಗೆ ಗೊತ್ತಿತ್ತು. ಆ ಐದು ನಿಮಿಷ ತಪ್ಪಿದರೆ ಇಡೀ ದಿನದಲ್ಲಿ ನನ್ನನ್ನು ಮುಖ ಎತ್ತಿ ನೋಡುವವರು ಯಾರೂ ಇರಲಿಲ್ಲ.

ಒಂದು ಶುಕ್ರವಾರ ಬೂದುಗುಂಬಳ ಕೇಳಿದೆ. "ಕೊಯ್ಬೇಡಿ, ಇಡೀದೇ ಬೇಕು" ಎಂದಾಗ, "ಗೊತ್ತು ಬಿಡಿ" ಎಂದು ಅವನೇ ಹೊತ್ತು ನಮ್ಮ ಗೇಟಿನವರೆಗೆ ತಂದ. ಮೇಲೆ ಬನ್ನಿ ಎನ್ನಲು ಬಾಯಿ ಬರಲಿಲ್ಲ. ಥ್ಯಾಂಕ್ಸ್ ಎಂದೆ. ಅಣ್ಣ ಎನ್ನಲಿಲ್ಲ. ಯಾವಾಗಿನಿಂದಲೋ ಆ ಮಾತು ನನ್ನ ನಾಲಿಗೆಯಿಂದ ಬಿದ್ದುಹೋಗಿತ್ತು. ಬೇರೇನು ಕರೆಯಬೇಕೆಂದು ತೋಚದೆ ಏನೂ ಕರೆಯುತ್ತಿರಲಿಲ್ಲ.

ಚಿತ್ರದ ವಿಷಯ ಮಾತ್ರ ಅವನಿಗೆ ಹೇಳಲಿಲ್ಲ. ಮೂವತ್ತಾರರ ಹೆಂಗಸು ಮಕ್ಕಳ ಪೆನ್ನಿನಲ್ಲಿ ತರಕಾರಿ ಬರೆಯುತ್ತಾಳೆ ಎಂದು ಹೇಗೆ ಹೇಳುವುದು?

ಅದೊಂದು ಗುರುವಾರ ನನಗಾಗಿ ಪುಟ್ಟ ಸಿಹಿಗುಂಬಳ ಎತ್ತಿಟ್ಟಿದ್ದ. ಕೊಡುವಾಗ ನನ್ನ ಮುಖ ನೋಡಲಿಲ್ಲ.

"ಇವತ್ತಿಗೆ ಮುಗೀತಲ್ಲ ಮೇಡಂ. ಒಳ್ಳೇದಾಗ್ಲಿ."

ಏನು ಮುಗಿಯಿತೆಂದು ನನಗೆ ಅರ್ಥವಾಗಲಿಲ್ಲ. ಸೀಸನ್ ಇರಬೇಕೆಂದುಕೊಂಡೆ. ಮನೆಗೆ ಬಂದು ನೋಡಿದರೆ ಕೊಸರು ಇರಲಿಲ್ಲ. ಕುಂಬಳ ಬರೆದು ಮೂಲೆಯನ್ನು ಖಾಲಿ ಬಿಟ್ಟೆ.

ಶುಕ್ರವಾರ ಮರದ ಕೆಳಗೆ ಗಾಡಿ ಇರಲಿಲ್ಲ, ಶನಿವಾರವೂ ಇರಲಿಲ್ಲ. ಎದುರಿನ ಸೂಪರ್ ಮಾರ್ಕೆಟ್ಟಿಗೆ ಹೋದರೆ ಅಲ್ಲಿ ಎಲ್ಲವೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಮಲಗಿದ್ದವು. ಬರಿಗೈಯಲ್ಲಿ ಬಂದೆ. ನೇರಳೆ ಪೆನ್ನಿನ ಮುಚ್ಚಳ ಹಾಕುವುದನ್ನೂ ಮರೆತೆ, ಅದು ಒಣಗಿತು. ಎರಡು ದಿನ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದೆ. ಒಂಟಿತನ ನನಗೆ ಹೊಸದಲ್ಲ, ಆದರೆ ಆ ಎರಡು ದಿನ ತಡೆಯಲಾಗಲಿಲ್ಲ.

ಭಾನುವಾರ ಗಾಡಿ ಬಂತು. ಹಿಂದೆ ಕೂತವರು ಅವನ ತಾಯಿ ಪಿಳ್ಳಮ್ಮ.

"ಏನ್ ಬೇಕವ್ವ?"

"ಒಂದು ಬದನೆಕಾಯಿ."

ಅವರ ಕೈ ನಿಂತಿತು. "ಓ, ನೀನೇನಾ ಅದು? ಅರಕೆ ಮುಗೀತಲ್ಲವ್ವ. ಗಂಡು ಗೊತ್ತಾಯ್ತಾ?"

"ಯಾವ ಹರಕೆ?"

"ನನ್ನೇ ಕೇಳ್ತೀಯಲ್ಲ! ಶನಿವಾರ ಕರೀದು, ಸೋಮವಾರ ಬಿಳೀದು, ಮಂಗಳವಾರ ಕೆಂಪು, ಗುರುವಾರ ಅರಿಶಿನದ ಬಣ್ಣ. ಗ್ರಹಕ್ಕೊಂದೊಂದು ಕಾಯಿ. ಮದ್ವೆ ಆಗ್ದಿರೋ ಎಣ್ಣು ಇನ್ಯಾತಕ್ಕೆ ಇಂಗೆ ಮಾಡ್ತಾಳೆ? ನನ್ ಮಗ ಒಂದು ಮಂಡಲ, ನಲವತ್ತೆಂಟು ದಿನಾನೂ ಕ್ಯಾಲೆಂಡರಿನಾಗೆ ಗೀಟು ಆಕಿದ್ದ. ಗುರುವಾರ ಬಂದು ಮಲಗ್ದೋನು, ಇನ್ಮೇಲೆ ಅವ್ರು ಬರಲ್ಲ ಕಣವ್ವ, ಗಾಡಿ ಆಕಲ್ಲ ಅಂತಾನೆ."

ನನಗೆ ಜೋರಾಗಿ ನಗು ಬಂತು. ನಗು ಅರ್ಧಕ್ಕೇ ನಿಂತಿತು. ಆ ತೊಳೆದ ಕೈ, ಆ ಬಾಳೆಲೆ, ಎಲ್ಲವೂ ದೇವರಿಗೆ. ನಾನು ತಲೆ ಬಾಚಿಕೊಂಡು ನಿಂತದ್ದು ಗ್ರಹಗಳಿಗೆ ಸಲ್ಲಬೇಕಾದ ಮರ್ಯಾದೆ ಪಡೆಯುವುದಕ್ಕೆ.

"ಅವರನ್ನ ಕರೀರಿ. ಈಗ ಬಂದೆ" ಎಂದು ಮನೆಗೆ ಓಡಿದೆ.

ಪುಸ್ತಕ ತರುವಷ್ಟರಲ್ಲಿ ಅವನು ಬಂದು ನಿಂತಿದ್ದ. ಶರ್ಟಿನ ಗುಂಡಿ ಒಂದರದು ಇನ್ನೊಂದಕ್ಕೆ ಹಾಕಿಕೊಂಡಿದ್ದ.

"ಇದೇ ನನ್ನ ಹರಕೆ" ಎಂದು ಪುಸ್ತಕವನ್ನು ಅವನ ಮುಂದೆ ಹಿಡಿದೆ.

ಅವನು ಹೆಗಲ ಟವೆಲ್ಲಿಗೆ ಕೈ ಒರೆಸಿಕೊಂಡು ಮೊದಲ ಪುಟ ತೆರೆದ. ಬಹಳ ಹೊತ್ತು ನೋಡಿದ.

"ಚಪ್ಪಲಿನಾ?"

"ಬದನೆಕಾಯಿ! ನೀವೇ ಆರಿಸಿ ಕೊಟ್ಟಿದ್ದು."

"ಬರೆಯೋಕಾ ತಗೊಂಡು ಹೋಗ್ತಿದ್ರಿ?" ಅವನ ಮುಖ ಕಿವಿಯವರೆಗೆ ಕೆಂಪಾಯಿತು. "ನಾನು ದಡ್ಡ, ಗುರುಬಲಕ್ಕೆ ಅಂತ..."

ಪುಟ ತಿರುವುತ್ತ ಹೋದವನು ನಿಧಾನವಾದ. ಬೆರಳು ಪ್ರತಿ ಪುಟದ ಮೂಲೆಗೇ ಹೋಗುತ್ತಿತ್ತು. ಕ್ಯಾರೆಟ್ಟಿನ ಪಕ್ಕ ಎರಡು ಹಸಿಮೆಣಸಿನಕಾಯಿ. ಮೂಲಂಗಿಯ ಪಕ್ಕ ಕರಿಬೇವು. ಹಾಗಲದ ಪಕ್ಕ ಒಂದು ನಿಂಬೆಹಣ್ಣು.

"ಕೊಸರು ಕೂಡ ಬರೆದಿದ್ದೀರಾ?"

"ಒಂದೂ ಬಿಟ್ಟಿಲ್ಲ."

ಕೇಳಿಬಿಡೋಣ ಎಂದು ಕೇಳಿದೆ. "ದಿನಾ ಕೈ ತೊಳೆದು ಕೊಡ್ತಿದ್ರಲ್ಲ, ಅದು ದೇವರಿಗಾ?"

"ಅದು ದೇವರಿಗೇ." ಸುಳ್ಳು ಹೇಳಲು ಅವನಿಗೆ ಬರುವುದಿಲ್ಲ. ತೆರೆದ ಪುಟದ ಮೂಲೆಗೆ ಬೆರಳಿಟ್ಟೆ.

"ಕೊಸರು?"

"ದೇವರ ಹೆಸರಲ್ಲಿ ತಗೊಳ್ಳೋದಕ್ಕೆ ಯಾರಾದ್ರೂ ಕೊಸರು ಹಾಕ್ತಾರಾ ಮೇಡಂ? ಅದು ನಿಮಗೆ." ಅವನು ಪುಸ್ತಕದಿಂದ ಕಣ್ಣೆತ್ತಲಿಲ್ಲ. "ನಿಮ್ಮ ಮದುವೆ ಗೊತ್ತಾಗ್ಲಿ ಅಂತ ಕಾಯಿ ಕೊಡ್ತಿದ್ದೆ. ಗೊತ್ತಾಗದೇ ಇರ್ಲಿ ಅಂತ ಕೊತ್ತಂಬರಿ ಹಾಕ್ತಿದ್ದೆ. ತಪ್ಪು ಅಂತ ಗೊತ್ತಿತ್ತು."

ಪಿಳ್ಳಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಏನೂ ಕೇಳದವರಂತೆ ಈರುಳ್ಳಿಯ ಸಿಪ್ಪೆ ಉದುರಿಸುತ್ತಿದ್ದರು.

ಅವನು ಕೊನೆಯ ಪುಟಕ್ಕೆ ಬಂದ. ಸಿಹಿಗುಂಬಳ ಚೆನ್ನಾಗಿ ಬಂದಿತ್ತು. ಹೊಳಪಿರುವ ಕಡೆ ಕಾಗದವನ್ನು ಹಾಗೇ ಬಿಡುವುದನ್ನು ಅಷ್ಟರಲ್ಲಿ ಕಲಿತಿದ್ದೆ.

"ಇಲ್ಲಿ ಮೂಲೆ ಖಾಲಿ ಇದೆ."

"ಅವತ್ತು ನೀವು ಕೊಡಲಿಲ್ಲ."

"ಕೈ ಬರಲಿಲ್ಲ."

"ಈಗ ಕೊಡಿ."

ಅವನು ಗಾಡಿಯ ತುಂಬ ಹುಡುಕಿದ. "ಅವ್ವ, ಕೊತ್ತಂಬರಿ ಎಲ್ಲಿ? ಮೆಣಸಿನಕಾಯಿ?"

"ನಾನೇನು ಮಾರ್ಕೆಟ್ಟಿಗೆ ಓಗಿದ್ನಾ? ಇರೋದು ಇಷ್ಟೇ."

ಅವನು ನಿಜವಾಗಿಯೂ ಪೇಚಿಗೆ ಬಿದ್ದ. "ಇವತ್ತು ಕೊಸರಿಗೆ ಏನೂ ಇಲ್ಲ ಮೇಡಂ."

"ಹಾಗಾದ್ರೆ ನೀವೇ ಬನ್ನಿ" ಎಂದೆ. "ಮೂಲೇಲಿ ಬರ್ಕೋತೀನಿ."

ಆಡಿದ ಮೇಲೆ ನನ್ನ ಧೈರ್ಯಕ್ಕೆ ನಾನೇ ಬೆಚ್ಚಿದೆ. ಅವನು ನನ್ನನ್ನೇ ನೋಡಿದ. ನಲವತ್ತೆಂಟು ದಿನಗಳಲ್ಲಿ ನಾವು ಇಷ್ಟು ಹೊತ್ತು ಒಬ್ಬರನ್ನೊಬ್ಬರು ನೋಡಿರಲಿಲ್ಲ.

"ಓಗೋ" ಎಂದರು ಪಿಳ್ಳಮ್ಮ. "ಗುಂಡಿ ಸರಿಯಾಗಿ ಆಕ್ಕಂಡು ಓಗು."

ಮೆಟ್ಟಿಲು ಹತ್ತುವಾಗ ಅವನು ಎರಡು ಮೆಟ್ಟಿಲು ಹಿಂದೆ ಬರುತ್ತಿದ್ದ. "ಬದನೆಕಾಯಿ ಥರ ಅಲ್ಲಾಡದೆ ಕೂರ್ಬೇಕಾ?"

"ಹೂಂ."

"ಹತ್ತೊಂಬತ್ತನೇ ದಿನದಿಂದ ನೀವು ನನ್ನನ್ನ ಅಣ್ಣ ಅಂದಿಲ್ಲ."

"ಅದನ್ನೂ ಎಣಿಸಿದ್ರಾ?"

"ಕ್ಯಾಲೆಂಡರಲ್ಲಿ ಅವತ್ತಿನ ಗೀಟು ಸ್ವಲ್ಪ ಉದ್ದ ಇದೆ."

ಬಾಗಿಲ ಮುಂದೆ ಬೀಗದಕೈ ಹಿಡಿದು ನಿಂತೆ. ಇಷ್ಟು ವರ್ಷದಲ್ಲಿ ಈ ಬಾಗಿಲನ್ನು ಇನ್ನೊಬ್ಬರಿಗಾಗಿ ತೆರೆದಿರಲಿಲ್ಲ.

"ಮನೇಲಿ ಇರೋದು ಒಂದೇ ಕುರ್ಚಿ" ಎಂದೆ.

ಅವನು ಚಪ್ಪಲಿ ಬಿಡುತ್ತಿದ್ದ. "ನೆಲ ಇದೆಯಲ್ಲ ಕೃಪಾ" ಎಂದ.