ಮೂವರು ನಾಯಕಿಯರೂ ಕೇಳದ ಮಾತು

ಅವನು ತಟ್ಟೆಯನ್ನು ಮುಟ್ಟಲಿಲ್ಲ...

ಔರಾದ ಶಹಾಜನಿ ಊರಿಗೆ ಸಪನಾಳನ್ನು ನೋಡಲು ಬಂದಿದ್ದ ಶೈಲೇಶ ಉಮರ್ಗಾದ ಬಟ್ಟೆ ವ್ಯಾಪಾರಿ. ಹೈದರಾಬಾದಿನಿಂದ ಮಾಲು ತರುವ ಟೆಂಪೊದಿಂದ ನೇರ ಅವಳ ಮನೆ ಮುಂದೆಯೇ ಇಳಿದಿದ್ದ. ದೊಡ್ಡವರು ಮಾತಿನಲ್ಲಿ ಮುಳುಗಿದ್ದಾಗ, ಅವಳೇ ಒಗ್ಗರಣೆ ಹಾಕಿದ ಅವಲಕ್ಕಿಯನ್ನು ಮೆಲ್ಲಗೆ ಬದಿಗೆ ಸರಿಸಿದ. ನೀರನ್ನೂ ಕುಡಿಯಲಿಲ್ಲ.

"ಏನ ಓದ್ಲತ್ತೀರಿ ನೀವು?" ಎಂದಷ್ಟೇ ಕೇಳಿದ.

"ಒಬ್ಬ ಲೇಖಕಿಯ ಮೂರು ಕಾದಂಬರಿ... ಅದರಾಗಿನ ನಾಯಕಿಯರ ಬಗ್ಗೆ ಪ್ರಬಂಧ ಬರಿಲತ್ತೀನ್ರಿ."

ಅವನ ಕಣ್ಣು ನಕ್ಕಿತು. ಕುಸುಬಿ ಹೊಲದ ಮೇಲೆ ಬಿದ್ದ ಎಳೆಬಿಸಿಲಿನಂತೆ ಆ ನಗು ಅವಳೊಳಗೆ ಹರಡಿತು. ಆದರೆ ತಟ್ಟೆ?

ಬೇಡವಾದ ಮನೆಯ ಉಪ್ಪನ್ನೇಕೆ ತಿನ್ನಲಿ ಅಂದುಕೊಂಡನೇ...

ಸಂಜೆ ಅವಳೇ ಅವ್ವನಿಗೆ ಹೇಳಿಬಿಟ್ಟಳು. "ಬ್ಯಾಡವ್ವ. ಅವರಕಿಂತ ಮೊದಲ ನಾವೇ ಬ್ಯಾಡ ಅಂದ ಬಿಡೂನು."

"ಹುಡುಗ ಚಲೋ ಹಾನಲ್ಲ," ಸುಮಿತ್ರಾಬಾಯಿ ಗೊಣಗಿದರು. "ನಿನ್ನ ತಲಿ ಅಂದ್ರ ಹಿಟ್ಟಿನ ಗಿರಣಿ. ಕಾಳಿಲ್ಲಂದ್ರೂ ತಿರಗ್ತದ."

ಬೇಡವೆಂದು ಉಮರ್ಗಾಕ್ಕೆ ಹೇಳಿಕಳಿಸಿ ಕೆಲ ವಾರಗಳಾದ ಮೇಲೆ, ಉದಗೀರದ ಕಾಲೇಜಿನ ಸೆಮಿನಾರಿನಲ್ಲಿ ಸಪನಾ ತನ್ನ ಪ್ರಬಂಧ ಓದುತ್ತಿದ್ದಳು.

"ಮೊದಲ ನಾಯಕಿ ಕಿಟಕಿಯ ಹಿಂದೆಯೇ ಬದುಕುತ್ತಾಳೆ. ಬೀದಿಯಲ್ಲಿ ಯಾರು ನಕ್ಕರೂ ತನ್ನನ್ನೇ ನೋಡಿ ನಕ್ಕರೆಂದು ನಂಬುತ್ತಾಳೆ. ಎರಡನೆಯವಳು ಗಂಡನ ಮೌನಕ್ಕೆ ನೂರು ಅರ್ಥ ಹಚ್ಚುತ್ತಾಳೆ. ಕೊನೆಯವಳು ಊರನ್ನೇ ಬಿಡುತ್ತಾಳೆ, ಯಾರೂ ಹೋಗು ಎನ್ನದೆಯೇ..."

ತಲೆಯೆತ್ತಿದರೆ ಹಿಂದಿನ ಬೆಂಚಿನಲ್ಲಿ ಶೈಲೇಶ. ಅಕ್ಷರಗಳು ಕನಸಿನಲ್ಲಿ ತೇಲಿದಂತೆ ತೇಲಿದವು.

ಓದು ಮುಗಿದಾಗ ಅವನು ಎದ್ದು ನಿಂತ. "ಮೇಡಂ, ಮೂವರೊಳಗ ಒಬ್ಬಾಕಿನೂ ಎದುರಿನವ್ರಿಗಿ ಒಮ್ಮಿ ಕೇಳಿ ನೋಡ್ಲಿಲ್ಲೇನ್ರಿ?"

"ಇಲ್ಲ... ಕೇಳಲಿಲ್ಲ."

ಮೂವರಲ್ಲ, ನಾಲ್ವರು... ಎಂದಿತು ಮನಸ್ಸು.

ಚಹಾದ ಬಿಡುವಿನಲ್ಲಿ, ಬೇವಿನ ನೆರಳಲ್ಲಿ ನಿಂತಿದ್ದ ಅವನ ಬಳಿಗೆ ಅವಳೇ ಉಪ್ಪಿಟ್ಟಿನ ತಟ್ಟೆ ಹಿಡಿದು ನಡೆದಳು.

"ಅವತ್ತ ನಮ್ಮನ್ಯಾಗ ಯಾಕ ಏನೂ ಮುಟ್ಟಲಿಲ್ರಿ?"

"ಲಿಂಗಪೂಜಾ ಆಗಿರಲಿಲ್ರೀ. ರಾತ್ರಿಯೆಲ್ಲ ಟೆಂಪೊದಾಗ ಇದ್ದೆ, ಜಳಕ ಸುದ್ಧಾ ಇಲ್ಲ. ಪೂಜಾ ಆಗದೆ ನಾ ನೀರೂ ಕುಡಿಯಂಗಿಲ್ಲ. ಹೆಣ್ಣ ನೋಡ್ಲಿಕ್ಕ ಬಂದಂವಾ ಜಳಕಕ್ಕ ನೀರು ಕೊಡ್ರಿ ಅಂತ ಹ್ಯಾಂಗ ಕೇಳ್ಲಿ? ಶರಮ ಬಂತು."

ಸಪನಾಳ ಕೊರಳಲ್ಲೂ ಲಿಂಗವಿತ್ತು. ಆದರೂ ಅಷ್ಟೆಲ್ಲ ಯೋಚಿಸಿದವಳಿಗೆ ಇದೊಂದು ಹೊಳೆದಿರಲಿಲ್ಲ.

"ನಿಮಗ ನಾ ಮನಸಿಗಿ ಬಂದಿಲ್ಲಂತ ತಿಳದೆ..."

"ಪೇಪರಿನ್ಯಾಗ ಈ ಸೆಮಿನಾರದ ಸುದ್ದಿ ಬಂದಿತ್ತು. ಅದರಾಗ ಹೆಸರು ನೋಡಿ ನಿಮ್ಮ ಲೇಖಕಿ ಕಾದಂಬರಿ ತಂದು ಓದಿದೆ. ಅರ್ಧಕ್ಕೇ ನಿದ್ದಿ ಹತ್ತಿತು, ಖರೇ. ಆದ್ರ ಆ ಕಿಟಕ್ಯಾಗ ನೀವೇ ನಿಂತಂಗ ಕಾಣ್ತು. ಅದಕ್ಕ ಬಂದೆ."

ಅವಳು ತಟ್ಟೆಯನ್ನು ಮುಂದೆ ಚಾಚಿದಳು. "ಇವತ್ತ ಪೂಜಾ ಆಗ್ಯಾದ?"

"ಆಗ್ಯಾದ."

ಒಂದು ತುತ್ತು ತಿಂದು ಸುಮ್ಮನಾದ. ಅವಳ ತಲೆಯ ಗಿರಣಿ ಮತ್ತೆ ತಿರುಗತೊಡಗಿತು. ಈ ಸಲ ಅವಳು ಕೇಳಿಯೇಬಿಟ್ಟಳು.

"ಯಾಕ ಸುಮ್ಮನಾದ್ರಿ?"

"ಅವತ್ತಿನ ಅವಲಕ್ಕಿ ನೆನಪಾತು. ವಾಸನಿ ಭಾಳ ಚಲೋ ಇತ್ತು."

"ಹಂಗಾದ್ರ ಮನಿಗಿ ಬರ್ರಿ..." ಅವಳು ನೆಲ ನೋಡುತ್ತ ಮೆಲ್ಲಗೆ ಹೇಳಿದಳು. "ಜಳಕಕ್ಕ ನೀರು ನಾನೇ ಕಾಸಿಡ್ತೀನಿ."